ಬಾವಿಯ ಕಟ್ಟೆ, ಪಂಚಾಯ್ತಿಯ ಲೆಕ್ಕ

ಕುಡಿಯುವ ನೀರಿನ ಖಾಸಗಿ ಬಾವಿಯನ್ನು ಎಲ್ಲಿ ತೋಡಬೇಕು, ಹೇಗೆ ಕಟ್ಟಬೇಕು, ನೀರು ಕೆಟ್ಟರೆ ಅದನ್ನು ಮುಚ್ಚಿಸುವ ಅಧಿಕಾರ ಯಾರದು ಎಂಬುದು ಕರ್ನಾಟಕದ ಹಳ್ಳಿಗಳಲ್ಲಿ ಎರಡು ಕಚೇರಿಗಳಿಗೆ ಹಂಚಿಹೋದ ವಿಷಯ. ನೀರು ಕುಡಿದವರಿಗೆ ಬಂದ ಕಾಯಿಲೆ ಆರೋಗ್ಯ ಇಲಾಖೆಯ ಪಾಲು, ಬಾವಿಯ ರಿಪೇರಿಗೆ ಬೇಕಾದ ದುಡ್ಡು ಪಂಚಾಯ್ತಿಯ ಪಾಲು. ಕಳೆದ ಎಂಬತ್ತು ವರ್ಷಗಳಲ್ಲಿ ಇವೆರಡೂ ಒಂದೇ ಮೇಜಿನ ಮೇಲೆ ಕೂಡಿದ್ದು ಅಪರೂಪ. ಒಮ್ಮೆ ಕೂಡಿದಾಗ ಒಂದು ರೋಗವೇ ನಾಡು ಬಿಟ್ಟು ಹೋಯಿತು. ಕೂಡದೆ ಹೋದ ಕಾಲದಲ್ಲಿ ಬಾವಿಯ ಒಳಗೆ ಇಣುಕಿ ನೋಡುವ ಹೊಣೆ ಯಾರಿಗೂ ಇಲ್ಲದಂತಾಯಿತು.

ಹೊಲದ ಅಡಿಯ ನೀರು ಹೊಲದ ಒಡೆಯನದು ಎಂಬ ಹಕ್ಕಿನ ಬೇರು 1882ರ ಈಸ್‌ಮೆಂಟ್ ಕಾಯ್ದೆಯಲ್ಲಿದೆ. ತನ್ನ ಗಡಿಯೊಳಗೆ ಬಾವಿ ತೋಡಿ ನೀರೆತ್ತಲು ಯಾರ ಅಪ್ಪಣೆಯೂ ಬೇಡ ಎಂಬ ಭಾವನೆ ರೈತರಲ್ಲಿ ಗಟ್ಟಿಯಾಗಿ ನಿಂತದ್ದು ಈ ಹಿನ್ನೆಲೆಯಲ್ಲಿ. ಆ ಹಕ್ಕಿಗೆ ಆರೋಗ್ಯದ ಕಡೆಯಿಂದ ಮೊದಲ ಗಂಭೀರ ತಡೆ ಹಾಕಿದ್ದು 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯ್ದೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಕನ್ನಡ ನಾಡಿನ ಎರಡು ಮೂಲೆಗಳು ಈ ಕಾಯ್ದೆಯಡಿ ಬಂದವು. ಖಾಸಗಿ ಬಾವಿಯ ನೀರು ಕುಡಿಯಲು ತಕ್ಕುದಲ್ಲ ಎಂದು ಕಂಡುಬಂದರೆ ಅದನ್ನು ಶುಚಿ ಮಾಡಿಸಲು, ರಿಪೇರಿ ಮಾಡಿಸಲು, ಬೇಕಾದರೆ ಮುಚ್ಚಿಸಲು ಆರೋಗ್ಯಾಧಿಕಾರಿ ಒಡೆಯನಿಗೆ ನೋಟಿಸು ಕೊಡಬಹುದಿತ್ತು. ಅದೇ ಕಾಯ್ದೆ ಇನ್ನೊಂದು ಕಟ್ಟಳೆಯನ್ನೂ ಸೇರಿಸಿತು. ಸರ್ಕಾರದ ಅನುದಾನ ಬಿಟ್ಟು ಉಳಿದ ವರಮಾನದಲ್ಲಿ ಪುರಸಭೆಗಳು ಶೇ 30ಕ್ಕೆ ಕಡಿಮೆಯಿಲ್ಲದಷ್ಟನ್ನು, ಜಿಲ್ಲಾ ಬೋರ್ಡುಗಳು ಶೇ 12.5ಕ್ಕೆ ಕಡಿಮೆಯಿಲ್ಲದಷ್ಟನ್ನು ಜನರ ಆರೋಗ್ಯಕ್ಕೆ ತೆಗೆದಿಡಬೇಕು ಎಂಬುದು ಆ ಕಟ್ಟಳೆ. 1946ರಲ್ಲಿ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ದೇಶಕ್ಕೆಲ್ಲ ಇದೇ ಪ್ರಮಾಣವನ್ನು ಶಿಫಾರಸು ಮಾಡಿತು.

ಬಾವಿಯನ್ನು ಮುಚ್ಚಿಸುವ ಅಧಿಕಾರ ಮತ್ತು ಆ ಕೆಲಸಕ್ಕೆ ಬೇಕಾದ ಹಣದ ಪಾಲು ಒಂದೇ ಕಾಯ್ದೆಯಲ್ಲಿ ಇದ್ದದ್ದು ದೂರದೃಷ್ಟಿಯ ಕೆಲಸ. ನೋಟಿಸು ಕೊಟ್ಟ ಮೇಲೆ ಬಡವನ ಬಾವಿಗೆ ಕಟ್ಟೆ ಕಟ್ಟಿಸಿಕೊಡಲು ದುಡ್ಡು ಇಲ್ಲದಿದ್ದರೆ ಆ ನೋಟಿಸಿಗೆ ಬೆಲೆ ಇರುವುದಿಲ್ಲ. 1953ರಲ್ಲಿ ಬಳ್ಳಾರಿ, 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದು ಸೇರಿದವು. 1959ರ ಗ್ರಾಮ ಪಂಚಾಯ್ತಿ ಕಾಯ್ದೆ ಹಳ್ಳಿಗಳ ಬಾವಿಗಳನ್ನು ಕಟ್ಟುವ, ಕಾಪಾಡುವ ಕರ್ತವ್ಯವನ್ನು ಪಂಚಾಯ್ತಿಗೆ ಒಪ್ಪಿಸಿತು. ವರಮಾನದ ಇಷ್ಟು ಪಾಲು ಆರೋಗ್ಯಕ್ಕೇ ಮೀಸಲು ಎಂಬ ಕಟ್ಟುನಿಟ್ಟು ಮಾತ್ರ ಹಳ್ಳಿಯ ಲೆಕ್ಕಪತ್ರದಲ್ಲಿ ಬೇರೂರಲಿಲ್ಲ.

ಆರೋಗ್ಯ ಇಲಾಖೆಯ ತರಬೇತಿಯಲ್ಲಿ ಕಲಿಸುತ್ತಿದ್ದ ಒಳ್ಳೆಯ ಬಾವಿಯ ಲಕ್ಷಣಗಳು ಖಚಿತವಾಗಿದ್ದವು. ಪಾಯಿಖಾನೆ ಗುಂಡಿ, ತಿಪ್ಪೆ, ಕೊಟ್ಟಿಗೆ, ಚರಂಡಿಗಳಿಂದ ಬಾವಿ ಕನಿಷ್ಠ 15 ಮೀಟರ್ ದೂರವಿರಬೇಕು, ಅದೂ ಅವುಗಳಿಗಿಂತ ಎತ್ತರದ ಜಾಗದಲ್ಲಿ. ಒಳಗೋಡೆಗೆ ಕಲ್ಲು ಅಥವಾ ಇಟ್ಟಿಗೆ ಕಟ್ಟಿ 6 ಮೀಟರ್ ಆಳದವರೆಗೆ ನೀರು ಜಿನುಗದಂತೆ ಗಾರೆ ಮಾಡಬೇಕು. ಮೇಲಿನ ನೀರು ಪಕ್ಕದಿಂದ ಒಳನುಸುಳದೆ ಮಣ್ಣಿನಲ್ಲಿ ಸೋಸಿಕೊಂಡು ತಳದಿಂದಲೇ ಬರಲಿ ಎಂಬುದು ಇದರ ಉದ್ದೇಶ. ನೆಲದ ಮೇಲೆ 70ರಿಂದ 75 ಸೆಂಟಿಮೀಟರ್ ಎತ್ತರದ ಕಟ್ಟೆ, ಅದರ ಸುತ್ತ ಕನಿಷ್ಠ 1 ಮೀಟರ್ ಅಗಲದ ಸಿಮೆಂಟಿನ ನೆಲ, ಆ ನೆಲಕ್ಕೆ ಹೊರಮುಖವಾದ ಇಳಿಜಾರು, ಇಳಿಜಾರಿನ ತುದಿಗೆ ಕೊಚ್ಚೆಯನ್ನು ದೂರ ಒಯ್ಯುವ ಚರಂಡಿ ಇರಬೇಕು. ಮೇಲೆ ಮುಚ್ಚಳ, ಸಾಧ್ಯವಾದರೆ ಕೈಪಂಪು. ಇವಿಷ್ಟೂ ಇದ್ದ ಬಾವಿ ಹತ್ತೂರು ಸುತ್ತಿದರೂ ಒಂದೆರಡೇ ಸಿಗುತ್ತಿದ್ದವು. ಹೆಚ್ಚಿನವುಗಳಿಗೆ ಕಟ್ಟೆಯೇ ಇರಲಿಲ್ಲ. ಕಟ್ಟೆ ಇದ್ದಲ್ಲಿ ಅದರ ಮೇಲೆಯೇ ಬಟ್ಟೆ ಒಗೆದು, ಪಾತ್ರೆ ಬೆಳಗಿ, ಆ ನೀರು ಹಗ್ಗದ ಜೊತೆ ಮತ್ತೆ ಬಾವಿಗೇ ಇಳಿಯುತ್ತಿತ್ತು.

ಮಲೇರಿಯಾ ಕಾರ್ಯಕ್ರಮದಲ್ಲಿ ಮನೆಮನೆ ಸುತ್ತುತ್ತಿದ್ದ ಕಾರ್ಯಕರ್ತರು 1970ರ ದಶಕದಲ್ಲಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರಾದಾಗ ಬಾವಿಗಳ ಹೊಣೆಯೂ ಅವರ ಚೀಲಕ್ಕೆ ಬಂತು. ಕಿರಿಯ ಆರೋಗ್ಯ ಸಹಾಯಕ ಎಂಬ ಹೆಸರಿನ ಈ ನೌಕರರ ಪೀಳಿಗೆ ಈಗ ನಿವೃತ್ತವಾಗಿದೆ. ಅವರ ನೆನಪುಗಳಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಇಲ್ಲದ ಮಳೆಗಾಲವಿಲ್ಲ. ಕೆಲಸದ ಲೆಕ್ಕ ಸರಳವಾಗಿತ್ತು. ಬಾವಿಯ ವ್ಯಾಸವನ್ನೂ ನೀರಿನ ಆಳವನ್ನೂ ಹಗ್ಗದಿಂದ ಅಳೆದು ಎಷ್ಟು ಲೀಟರ್ ನೀರಿದೆ ಎಂದು ಗುಣಿಸಿ, 1000 ಲೀಟರಿಗೆ 2.5 ಗ್ರಾಮಿನಂತೆ ಪುಡಿ ತೂಗಬೇಕು. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅದಕ್ಕೆ 70 ಗ್ರಾಂ ಪುಡಿ. ಪುಡಿಯನ್ನು ಬಕೆಟ್ಟಿನಲ್ಲಿ ಹಿಟ್ಟಿನಂತೆ ಕಲಸಿ, ನೀರು ಬೆರೆಸಿ, ಐದು ಹತ್ತು ನಿಮಿಷ ಬಿಟ್ಟು, ಸುಣ್ಣ ತಳ ಸೇರಿದ ಮೇಲೆ ತಿಳಿನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು ಬಾವಿಗೆ ಇಳಿಸಬೇಕು. ಬಕೆಟ್ಟನ್ನು ನೀರೊಳಗೆ ಮೇಲೆ ಕೆಳಗೆ, ಆಚೆ ಈಚೆ ಆಡಿಸಬೇಕು. ಒಂದು ಗಂಟೆ ಯಾರೂ ಸೇದಬಾರದು. ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕೆಲಸ ಸರಿಯಾಯಿತು ಎಂದರ್ಥ.

ಜನರಿಗೆ ಇದು ಹಿಡಿಸುತ್ತಿರಲಿಲ್ಲ. "ಔಷಧಿ ಹಾಕಿದ್ರೆ ನೀರು ವಾಸ್ನೆ ಬರ್ತದೆ ಸ್ವಾಮಿ, ಬೇಳೆ ಬೇಯಲ್ಲ" ಎಂಬುದು ಎಲ್ಲ ಊರುಗಳಲ್ಲೂ ಕೇಳಿಬರುತ್ತಿದ್ದ ತಕರಾರು. ಆ ತಕರಾರು ಪೂರ್ತಿ ಸುಳ್ಳೂ ಅಲ್ಲ. ತಳದ ಸುಣ್ಣವನ್ನು ಬಸಿಯದೆ ಬಕೆಟ್ಟಿನಲ್ಲಿದ್ದುದನ್ನೆಲ್ಲ ಸುರಿದರೆ ನೀರಿನ ಗಡಸು ಹೆಚ್ಚುತ್ತದೆ, ಗಡಸು ನೀರಿನಲ್ಲಿ ಬೇಳೆ ಬೇಯುವುದು ನಿಧಾನ. ಅವಸರದಲ್ಲಿ ಮಾಡಿದ ಕೆಲಸ ಅಡುಗೆಮನೆಯಲ್ಲಿ ಸಿಕ್ಕಿಬೀಳುತ್ತಿತ್ತು. ಊರ ಬಾವಿಯಾದರೆ ಸಹಾಯಕ ಅಷ್ಟಕ್ಕೆ ಜಗ್ಗುತ್ತಿರಲಿಲ್ಲ, ಹಿತ್ತಿಲ ಬಾವಿಯಾದರೆ ಮನೆಯವರ ಒಪ್ಪಿಗೆ ಬೇಕಿತ್ತು. ಬಾವಿ ಯಾರದು ಎಂಬುದಕ್ಕೆ ಜಾತಿಯ ಲೆಕ್ಕವೂ ಸೇರಿಕೊಂಡಿತ್ತು. ಮೇಲ್ಜಾತಿಯ ಬೀದಿಯ ಬಾವಿಗೆ ಕಟ್ಟೆ, ರಾಟೆ ಇದ್ದರೆ ಕೇರಿಯ ಬಾವಿಗೆ ಬರೀ ಒರಟು ಕಲ್ಲು. ರಿಪೇರಿಯ ದುಡ್ಡು ಯಾವ ಬಾವಿಗೆ ಮೊದಲು ಎಂಬುದನ್ನು ಪಂಚಾಯ್ತಿಯ ಸಭೆಯಲ್ಲಿ ಯಾರ ದನಿ ದೊಡ್ಡದೋ ಅವರು ತೀರ್ಮಾನಿಸುತ್ತಿದ್ದರು. ಆರೋಗ್ಯದ ನಿಯಮ ಎಲ್ಲ ಬಾವಿಗಳಿಗೂ ಒಂದೇ ಆಗಿದ್ದರೂ ಹಣ ಹಾಗೆ ಸಮನಾಗಿ ಹರಿಯಲಿಲ್ಲ. ಅದರ ಫಲವನ್ನು ಕೇರಿಯ ಮಕ್ಕಳು ವಾಂತಿಭೇದಿಯಲ್ಲಿ ಉಂಡರು.

ಬಾವಿ ಕಟ್ಟುವ ರೀತಿಗೂ ರೋಗಕ್ಕೂ ಇರುವ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ನಾರುಹುಣ್ಣಿನಲ್ಲಿ. ರಾಯಚೂರು, ಕಲಬುರಗಿ, ವಿಜಯಪುರ ಸೀಮೆಯ ಒಣ ಊರುಗಳಲ್ಲಿ ಇಳಿದು ನೀರು ತುಂಬುವ ಮೆಟ್ಟಿಲು ಬಾವಿಗಳಿದ್ದವು. ಮಂಡಿಯವರೆಗೆ ನೀರಿಗಿಳಿದು ಕೊಡ ಮುಳುಗಿಸಿ ಎತ್ತಿಕೊಂಡು ಬರುವುದು ರೂಢಿ. ಕಾಲಿನಲ್ಲಿ ಹುಣ್ಣಿದ್ದವರು ಇಳಿದಾಗ ಹುಣ್ಣಿನ ಬಾಯಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು. ಸೈಕ್ಲಾಪ್ಸ್ ಎಂಬ ನೀರಿನ ಸಣ್ಣ ಜೀವಿ ಅವನ್ನು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಹುಳು ಬೆಳೆದು, ಸುಮಾರು ಒಂದು ವರ್ಷದ ಮೇಲೆ, ಒಂದು ಮೀಟರಿನವರೆಗೂ ಉದ್ದವಾದ ದಾರದಂತೆ ಕಾಲಿನಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಒಂದು ಕಡ್ಡಿಗೆ ದಿನಕ್ಕಿಷ್ಟು ಎಂದು ಸುತ್ತುತ್ತಾ ಎಳೆಯಬೇಕು. ನಡುವೆ ತುಂಡಾದರೆ ಕಾಲು ಬಾತು ಕೀವು ತುಂಬುತ್ತಿತ್ತು. ಬಿತ್ತನೆಯ ಹೊತ್ತಿಗೆ ಮನೆಯ ದುಡಿಯುವ ಆಳು ಮಂಚ ಹಿಡಿದರೆ ಆ ವರ್ಷದ ಬೆಳೆಯೂ ಹೋದಂತೆ.

ಈ ರೋಗಕ್ಕೆ ಔಷಧಿಯಾಗಲಿ ಲಸಿಕೆಯಾಗಲಿ ಇರಲಿಲ್ಲ. 1980ರ ದಶಕದ ಆರಂಭದಲ್ಲಿ ಶುರುವಾದ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಬಾವಿಗೇ ಚಿಕಿತ್ಸೆ ಮಾಡಿತು. ಮೆಟ್ಟಿಲುಗಳನ್ನು ಮುಚ್ಚಿ, ಸುತ್ತ ಕಟ್ಟೆ ಎಬ್ಬಿಸಿ, ಅದನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು ಮುಖ್ಯ ಕೆಲಸ. ಮಾರ್ಪಡಿಸಲು ಆಗದ ಕಡೆ ಕೈಪಂಪು ಹಾಕಿದರು, ನೀರಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿ ಸೈಕ್ಲಾಪ್ಸನ್ನು ಕೊಂದರು, ಮನೆಮನೆಗೆ ಸೋಸುಬಟ್ಟೆ ಕೊಟ್ಟರು. ಆರೋಗ್ಯ ಸಹಾಯಕರು ಊರೂರು ಸುತ್ತಿ ರೋಗಿಗಳನ್ನು ಹುಡುಕಿ ಪಟ್ಟಿ ಮಾಡಿದರು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಈ ಗೆಲುವಿನ ಬಗ್ಗೆ ಬರೆಯುವಾಗ ಸೋಸುಬಟ್ಟೆಯ ಕತೆ ಹೆಚ್ಚು ಕೇಳಿಬರುತ್ತದೆ, ಗಾರೆ ಕೆಲಸದ ಕತೆ ಕಡಿಮೆ. ಆದರೆ ಮೆಟ್ಟಿಲು ಮುಚ್ಚಿದ ಬಾವಿಗೆ ಕಾಲಿಡಲು ಯಾರಿಗೂ ಸಾಧ್ಯವಿರಲಿಲ್ಲ. ಆ ಗಾರೆಗೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡಿದ್ದ, ಆರೋಗ್ಯ ಇಲಾಖೆ ಜಾಗ ತೋರಿಸಿತ್ತು, ಹಣಕ್ಕೆ ಬೇರೆಯೇ ಶೀರ್ಷಿಕೆ ಇತ್ತು. ಆರೋಗ್ಯದ ಮತ್ತು ಹಣದ ಕಡತಗಳು ಒಂದಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ರಾಜ್ಯದ ಇತಿಹಾಸದಲ್ಲಿ ಸಿಗುವುದು ಕಷ್ಟ.

1980ರ ದಶಕದಲ್ಲೇ ಪಂಚಾಯ್ತಿಯ ಲೆಕ್ಕಪತ್ರವೂ ಬದಲಾಯಿತು. 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯ್ತಿ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು, 8,000ದಿಂದ 12,000 ಜನಸಂಖ್ಯೆಗೆ ಒಂದರಂತೆ ಮಂಡಲ ಪಂಚಾಯ್ತಿಗಳು ಬಂದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ನೀರು ಸರಬರಾಜಿನ ಎಂಜಿನಿಯರುಗಳೂ ಜಿಲ್ಲಾ ಪರಿಷತ್ತಿನ ಅಡಿಗೆ ಬಂದರು. ಜಿಲ್ಲಾ ವಲಯದ ಹಣವನ್ನು ರಾಜ್ಯದ ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸುವ ಲಿಂಕ್ ಡಾಕ್ಯುಮೆಂಟ್ ಎಂಬ ಪುಸ್ತಕ ಬಂತು. ಇದರ ಹಿಂದಿದ್ದವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. ಅವರು 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ಆ ಕಾಲದ ಕೈಪಂಪು ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಈ ಪಂಪಿನ ಹುಟ್ಟಿಗೆ ಸೊಲ್ಲಾಪುರದ ಪಂಪು ಪ್ರೇರಣೆ. 250 ಜನರಿಗೆ ಒಂದು ಕೈಪಂಪು, ತಲೆಗೆ ದಿನಕ್ಕೆ 40 ಲೀಟರ್ ನೀರು ಎಂಬುದು ಸರ್ಕಾರದ ಆಗಿನ ಮಾನದಂಡ. ಆರೋಗ್ಯದ ಕಣ್ಣಿನಿಂದ ನೋಡಿದರೆ ಇದೊಂದು ಒಳ್ಳೆಯ ಬಾವಿ. ಬಾಯಿ ಮುಚ್ಚಿದೆ, ಕೈಯಾಗಲಿ ಹಗ್ಗವಾಗಲಿ ಒಳಗಿಳಿಯುವುದಿಲ್ಲ, ಸುತ್ತ ಕಾಂಕ್ರೀಟ್ ಕಟ್ಟೆ, ಚೆಲ್ಲಿದ ನೀರಿಗೆ ಚರಂಡಿ. ಕಾಲರಾ ಕಡಿಮೆಯಾದದ್ದರಲ್ಲಿ ಇದರ ಪಾಲಿದೆ. ಆದರೆ ಬಂಡೆಯ ಬಿರುಕಿನಿಂದ ಬಂದ ಆಳದ ನೀರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕೇಡಿತ್ತು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಲ್ಲಿ ಸೊಂಟ ಮಂಡಿಗಳ ಬಿಗಿತ ಕಂಡವು. ಫ್ಲೋರೈಡಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಬ್ಲೀಚಿಂಗ್ ಪುಡಿ ಇದಕ್ಕೆ ಏನೂ ಮಾಡದು, ಕುದಿಸಿದರೂ ಹೋಗದು. ಅದನ್ನು ಪತ್ತೆ ಮಾಡಲು ನೀರಿನ ಪರೀಕ್ಷೆಯೊಂದೇ ದಾರಿ, ಮಂಡಲದ ಲೆಕ್ಕದಲ್ಲಿ ಪರೀಕ್ಷೆಗೆ ಸಾಲಿರಲಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆ ಮಂಡಲಗಳನ್ನು ತೆಗೆದು ಗ್ರಾಮ ಪಂಚಾಯ್ತಿಗಳನ್ನು ತಂದಿತು. ಆರೋಗ್ಯ, ಶಿಕ್ಷಣ, ಕಾಮಗಾರಿಗಳನ್ನು ನೋಡಿಕೊಳ್ಳಲು ಸೌಕರ್ಯ ಸಮಿತಿ ಎಂಬ ಸ್ಥಾಯಿ ಸಮಿತಿ ಪ್ರತಿ ಪಂಚಾಯ್ತಿಯಲ್ಲೂ ಇರಬೇಕು. ಪ್ರತಿ ವರ್ಷ ಫೆಬ್ರವರಿ 1ರಿಂದ ಮಾರ್ಚ್ 10ರ ಒಳಗೆ ಮುಂದಿನ ವರ್ಷದ ಆಯವ್ಯಯ ಸಭೆಯ ಮುಂದೆ ಬರಬೇಕು. ಈ ಸಭೆಗಳನ್ನು ಹತ್ತಿರದಿಂದ ಕಂಡ ಕಾರ್ಯದರ್ಶಿಗಳು, ಈಚಿನ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಹೇಳುವ ಕತೆಯಲ್ಲಿ ಊರು ಮಾತ್ರ ಬೇರೆ ಬೇರೆ. ನೀರಿನ ಶೀರ್ಷಿಕೆಯಡಿ ಮೊದಲು ಬರುವುದು ಬೀದಿದೀಪ ಮತ್ತು ಪಂಪುಗಳ ಕರೆಂಟು ಬಿಲ್ಲು, ಹಳೆಯ ಬಾಕಿಯ ಸಮೇತ. ನಂತರ ಸುಟ್ಟ ಮೋಟಾರಿನ ರೀವೈಂಡಿಂಗ್, ಕೇಬಲ್, ಸ್ಟಾರ್ಟರ್, ಪೈಪ್‌ಲೈನ್ ಒಡೆತ. ಅದಾದ ಮೇಲೆ ನೀರುಗಂಟಿಯ ಸಂಬಳ. ಬ್ಲೀಚಿಂಗ್ ಪುಡಿಯ ಸರದಿ ಇವೆಲ್ಲ ಮುಗಿದ ಮೇಲೆ. ನೀರಿನ ಕಂದಾಯದ ವಸೂಲಿ ಎಂದೂ ಖರ್ಚಿನ ಹತ್ತಿರ ಬರುತ್ತಿರಲಿಲ್ಲ. ಸೌಕರ್ಯ ಸಮಿತಿಯ ನಡಾವಳಿ ಪುಸ್ತಕ ಎಷ್ಟೋ ಕಡೆ ಖಾಲಿಯಾಗಿಯೇ ಉಳಿಯಿತು.

ಹಣದ ಮೇಲಿನ ಕಾವಲೂ ಆರೋಗ್ಯದ ಪ್ರಶ್ನೆಯನ್ನು ಕೇಳಲಿಲ್ಲ. ಲೆಕ್ಕಪರಿಶೋಧಕರು ಓಚರು ಇದೆಯೇ, ಟೆಂಡರು ಕರೆದಿದ್ದಾರೆಯೇ, ದಾಸ್ತಾನು ಪುಸ್ತಕದಲ್ಲಿ ನಮೂದಾಗಿದೆಯೇ ಎಂದು ನೋಡಿ ಆಕ್ಷೇಪಣೆ ಬರೆಯುತ್ತಿದ್ದರು. ಕೊಂಡ ಬ್ಲೀಚಿಂಗ್ ಪುಡಿ ಬಾವಿಗೆ ಬಿತ್ತೇ, ಬೀಳುವಾಗ ಅದರಲ್ಲಿ ಕ್ಲೋರಿನ್ ಉಳಿದಿತ್ತೇ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಹೊಸ ಪುಡಿಯಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲವನ್ನು ಪಂಚಾಯ್ತಿ ಕಚೇರಿಯ ಮೂಲೆಯಲ್ಲಿ ಬೇಸಿಗೆಯಿಡೀ ಇಟ್ಟರೆ ಉಳಿಯುವುದು ಸುಣ್ಣ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಊರಿನವರ ಎದುರೇ ಲೆಕ್ಕ ಓದಿ ಕಾಮಗಾರಿ ತೋರಿಸುವ ಒಳ್ಳೆಯ ಪದ್ಧತಿ ಕರ್ನಾಟಕದಲ್ಲಿದೆ. ಅಲ್ಲಿಯೂ ರಸ್ತೆ, ಚರಂಡಿ, ಮೋಟಾರು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ನೀರಿನ ಪರೀಕ್ಷೆಯ ವರದಿ ಬೀಳುವುದಿಲ್ಲ.

ಈ ನಡುವೆ ಖಾಸಗಿ ಕೊಳವೆ ಬಾವಿಗಳು ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿದವು. ತಮಿಳುನಾಡಿನ ತಿರುಚೆಂಗೋಡಿನ, ಬಾವಿ ಕೊರೆಯುವ ರಿಗ್ ಲಾರಿಗಳು ಕೋಲಾರ, ತುಮಕೂರು, ಚಿತ್ರದುರ್ಗದ ಹಾದಿಗಳಲ್ಲಿ ರಾತ್ರಿ ಹಗಲೆನ್ನದೆ ಓಡಾಡಿದವು. ನೀರಿನ ಪಾಯಿಂಟ್ ತೋರಿಸುವವನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದ, ರಿಗ್ಗಿನ ಏಜೆಂಟು ಅಡಿಗಿಷ್ಟು ಎಂದು ದರ ಹೇಳಿದ. ಕೊರೆಯುವಾಗ ಮನೆಯವರು ಕೇಳುತ್ತಿದ್ದ ಪ್ರಶ್ನೆಗಳು ಎರಡು: ಎಷ್ಟು ಇಂಚು ನೀರು ಬಂತು, ಕೇಸಿಂಗ್ ಎಷ್ಟು ಅಡಿ ಹೋಯಿತು. ಎರಡನೆಯದನ್ನು ಕೇಳುತ್ತಿದ್ದದ್ದು ಖರ್ಚಿನ ಚಿಂತೆಗೆ. ಆರೋಗ್ಯಕ್ಕೂ ಆ ಪ್ರಶ್ನೆಯೇ ಮುಖ್ಯ. ಮೇಲಿನ ಸಡಿಲ ಮಣ್ಣಿನ ಪದರಕ್ಕೆ ಇಳಿಬಿಡುವ ಕೇಸಿಂಗ್ ಪೈಪು ಗಟ್ಟಿ ಬಂಡೆಗೆ ಕೂರಬೇಕು, ಪೈಪಿನ ಹೊರಮೈಗೂ ತೂತಿನ ಗೋಡೆಗೂ ನಡುವಿನ ಸಂದನ್ನು ಜೇಡಿಯಿಂದಲೋ ಸಿಮೆಂಟಿನಿಂದಲೋ ಮುಚ್ಚಬೇಕು. ದುಡ್ಡು ಉಳಿಸಲು ಪೈಪನ್ನು ಮೊಟಕು ಮಾಡಿದರೆ, ಸಂದಿಗೆ ಕೊರೆದ ಪುಡಿಯನ್ನೇ ತುಂಬಿದರೆ, ಮಳೆಗಾಲದಲ್ಲಿ ತಿಪ್ಪೆಯ ನೀರು ಪೈಪಿನ ಪಕ್ಕದಿಂದ ನೇರ ಕೆಳಗಿಳಿಯುತ್ತದೆ. ಸಾವಿರ ಅಡಿ ಆಳದ ನೀರು ಶುದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ರಾಜ್ಯದ ಕಾನೂನು ಖಾಸಗಿ ಬಾವಿಗಳ ಕಡೆ ನೋಡಿದ್ದು ಬೇರೆ ಕಾರಣಕ್ಕೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು 1999ರಲ್ಲಿ ರೂಪಿಸಿದ ಅಂತರ್ಜಲ ಕಾಯ್ದೆಯ ಪ್ರಕಾರ ಸಾರ್ವಜನಿಕ ನೀರಿನ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯ್ದೆ ಅಂತರ್ಜಲ ಪ್ರಾಧಿಕಾರವನ್ನು ತಂದು, ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಕಡ್ಡಾಯ ಮಾಡಿತು, ರಿಗ್ಗುಗಳ ನೋಂದಣಿ ಹೇಳಿತು. ಎರಡರ ಕಾಳಜಿಯೂ ನೀರು ಬತ್ತದಿರಲಿ ಎಂಬುದು. ಅದು ಬೇಕಾದದ್ದೇ. ಆದರೆ ಮದರಾಸು ಕಾಯ್ದೆಯ ಆರೋಗ್ಯಾಧಿಕಾರಿ ಇಲ್ಲಿ ಎಲ್ಲೂ ಕಾಣುವುದಿಲ್ಲ. ಬಾವಿಯ ಪ್ರಶ್ನೆ ಎಷ್ಟು ನೀರು ಎಂಬುದಾಗಿ, ಎಂಥ ನೀರು ಎಂಬುದು ಹಿಂದೆ ಸರಿಯಿತು. ಇದು ದೊಡ್ಡ ನಷ್ಟ.

ಕೊಳವೆ ಬಾವಿಯನ್ನು ಹೇಗೆ ಕಟ್ಟಬೇಕು, ಹೇಗೆ ಮುಚ್ಚಬೇಕು ಎಂಬ ಸ್ಪಷ್ಟ ನಿಯಮಗಳು ಬಂದದ್ದು ಮಕ್ಕಳ ಸಾವಿನ ಬೆಲೆಗೆ. ನೀರು ಬಾರದ ಬಾವಿಯಿಂದ ಕೇಸಿಂಗ್ ಪೈಪನ್ನು ಮೇಲೆಳೆದು ಮುಂದಿನ ಬಾವಿಗೆ ಬಳಸುವುದು ಸಾಮಾನ್ಯವಾಗಿತ್ತು. ಪೈಪು ಹೋದ ಮೇಲೆ ಮೇಲಿನ ಮಣ್ಣು ಕುಸಿದು ಬಾಯಿ ಅಗಲವಾಗುತ್ತದೆ, ಮೇಲೆ ಒಂದು ಗೋಣಿಚೀಲವೋ ಮುಳ್ಳುಕಂಟಿಯೋ ಇರುತ್ತದೆ. 2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಬಿದ್ದ ಮಗುವನ್ನು ಸುಮಾರು 50 ಗಂಟೆಗಳ ಬಳಿಕ ಜೀವಂತ ಎತ್ತಿದ್ದನ್ನು ದೇಶವೇ ದೂರದರ್ಶನದಲ್ಲಿ ನೋಡಿತು. ಹಾಗೆ ಬದುಕಿ ಬಂದವರು ಕೆಲವರೇ. ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡು 2010ರ ಫೆಬ್ರವರಿ 11ರಂದು ನಿರ್ದೇಶನಗಳನ್ನು ಕೊಟ್ಟಿತು, ಆಗಸ್ಟ್ 6ರಂದು ಅವನ್ನು ತಿದ್ದಿ ಪೂರ್ತಿಗೊಳಿಸಿತು. ಕೊರೆಸುವ 15 ದಿನ ಮೊದಲು ಒಡೆಯ ಲಿಖಿತವಾಗಿ ಅಧಿಕಾರಿಗಳಿಗೆ ತಿಳಿಸಬೇಕು. ರಿಗ್ ಏಜೆನ್ಸಿ ನೋಂದಾಯಿತವಾಗಿರಬೇಕು. ಜಾಗದಲ್ಲಿ ಒಡೆಯನ ಮತ್ತು ಏಜೆನ್ಸಿಯ ವಿಳಾಸದ ಫಲಕ, ಸುತ್ತ ತಂತಿಬೇಲಿ ಇರಬೇಕು. ಕೇಸಿಂಗಿನ ಸುತ್ತ ನೆಲದ ಮೇಲೆ 30, ಕೆಳಗೆ 30 ಸೆಂಟಿಮೀಟರ್ ಇರುವಂತೆ ಕಾಂಕ್ರೀಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕಬೇಕು ಇಲ್ಲವೇ ಬೋಲ್ಟು ಹಾಕಿದ ಗಟ್ಟಿ ಮುಚ್ಚಳ ಕೂರಿಸಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು. ಹಳ್ಳಿಗಳಲ್ಲಿ ಇದರ ಮೇಲ್ವಿಚಾರಣೆ ಪಂಚಾಯ್ತಿಯ ಮುಖ್ಯಸ್ಥರದು.

ಮಕ್ಕಳ ಸುರಕ್ಷತೆಗೆಂದು ಬರೆದ ಈ ನಿಯಮಗಳನ್ನು ಓದಿದರೆ ಅರ್ಧ ಭಾಗ ನೀರಿನ ಶುದ್ಧತೆಯದೂ ಹೌದು ಎಂದು ತಿಳಿಯುತ್ತದೆ. ಕಾಂಕ್ರೀಟ್ ಕಟ್ಟೆ ಕೊಚ್ಚೆಯನ್ನೂ ತಡೆಯುತ್ತದೆ. ತುಂಬಿಸಿದ ಹಾಳು ಬಾವಿಯಿಂದ ಹೊಲಸು ಅಂತರ್ಜಲಕ್ಕೆ ಇಳಿಯುವುದಿಲ್ಲ. ಕೋರ್ಟಿನ ಆದೇಶ ಜಿಲ್ಲಾಧಿಕಾರಿಗಳ ಸುತ್ತೋಲೆಯಾಗಿ ಪಂಚಾಯ್ತಿಗೆ ಬಂತು. ತುಂಬಿಸುವ ಖರ್ಚು ಒಡೆಯನದು ಎಂದಿತು, ಒಡೆಯನೋ ಸಾಲ ಮಾಡಿ ಕೊರೆಸಿ ನೀರು ಕಾಣದೆ ಕೂತವನು. ಪಂಚಾಯ್ತಿಯ ಬಳಿ ಅದಕ್ಕೆ ಹಣವಿರಲಿಲ್ಲ, ಊರಲ್ಲಿ ಎಷ್ಟು ಹಾಳು ಬಾವಿಗಳಿವೆ ಎಂಬ ಪಟ್ಟಿಯೂ ಇರಲಿಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಮಕ್ಕಳು ಹೋದರು. ಪ್ರತಿ ಸಲವೂ ಕೆಲವು ವಾರ ಬಾವಿ ಮುಚ್ಚುವ ಅಭಿಯಾನ ನಡೆಯುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಸುಮಾರು 20 ಗಂಟೆಗಳ ಬಳಿಕ ಉಳಿದು ಬಂತು. ಅದೇ ವರ್ಷದ ಕೊನೆಯಲ್ಲಿ ವಿಧಾನಮಂಡಲ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ವಿಫಲ ಬಾವಿಯನ್ನು ಮುಚ್ಚದವರಿಗೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಲು ಒಪ್ಪಿತು.

ಕರಾವಳಿಯ ಕಷ್ಟ ಬೇರೆ ಬಗೆಯದು. ಅಲ್ಲಿ ಮನೆಗೊಂದು ತೆರೆದ ಬಾವಿ. ಮುರಕಲ್ಲಿನ ನೆಲ ತೂತುತೂತಾದದ್ದು, ಮಳೆ ಸುರಿದರೆ ಗುಂಡಿಯ ನೀರಿಗೂ ಬಾವಿಯ ನೀರಿಗೂ ದೂರ ಉಳಿಯುವುದಿಲ್ಲ. ಐದು ಸೆಂಟ್ಸ್ ಜಾಗವೆಂದರೆ ಸುಮಾರು 200 ಚದರ ಮೀಟರ್, ಚೌಕವಾಗಿದ್ದರೆ ಬದಿಗೆ 14 ಮೀಟರ್. ಅದರಲ್ಲಿ ಮನೆ, ಬಾವಿ, ಪಾಯಿಖಾನೆ ಗುಂಡಿ ಮೂರೂ ಬರಬೇಕು, ಗೋಡೆಯಾಚೆ ನೆರೆಯವರ ಗುಂಡಿ ಬೇರೆ. 15 ಮೀಟರ್ ಅಂತರದ ನಿಯಮ ಅಲ್ಲಿ ಪಾಲಿಸಲಾಗದ್ದು. ನಿವೇಶನ ಹಂಚುವಾಗಲೇ ನಾಲ್ಕಾರು ಮನೆಗೆ ಸೇರಿ ಒಂದು ಬಾವಿಗೆ ಜಾಗ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ಮನೆ ಕಟ್ಟಲು ಪರವಾನಗಿ ಕೊಡುವ ಪಂಚಾಯ್ತಿ ನಕ್ಷೆಯಲ್ಲಿ ನೆರೆಮನೆಯ ಗುಂಡಿಯನ್ನೂ ಗುರುತಿಸುವಂತೆ ಕೇಳುವುದು ಈಗಲೂ ಆಗುವ ಕೆಲಸ.

ಖಾಸಗಿ ಬಾವಿ ಪೂರ್ತಿ ಖಾಸಗಿಯಾಗಿ ಉಳಿಯುವುದೂ ಇಲ್ಲ. 2023-24ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗ ಹಳ್ಳಿಗಳಿಗೆ ನೀರು ಕೊಡಲು ರೈತರ ಕೊಳವೆ ಬಾವಿಗಳನ್ನು ಬಾಡಿಗೆಗೆ ಪಡೆದರು. ಹಿಂದಿನ ಬರಗಳಲ್ಲೂ ಹೀಗೆಯೇ ಆಗಿತ್ತು. ಕೇಸಿಂಗ್ ಎಷ್ಟು ಅಡಿ ಇದೆ, ಪಕ್ಕದಲ್ಲಿ ತಿಪ್ಪೆ ಇದೆಯೇ ಎಂದು ಯಾರೂ ನೋಡದ ಬಾವಿ ಒಂದೇ ದಿನದಲ್ಲಿ ಇಡೀ ಊರಿನ ನೀರಿನ ಮೂಲವಾಗುತ್ತದೆ. ಬಾಡಿಗೆಯ ಕರಾರಿಗೆ ನೀರಿನ ವರದಿಯನ್ನು ಲಗತ್ತಿಸುವುದು ಮೊದಲ ಷರತ್ತಾಗಬೇಕು.

ಹಣದ ಕೊರತೆ ಈಗ ಮೊದಲಿನಷ್ಟಿಲ್ಲ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇಟ್ಟಿತು. ಪಂಚಾಯ್ತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಕೂಡಿ ಖರ್ಚು ಮಾಡುವ ಈ ಸಣ್ಣ ಮೊತ್ತ ಹಲವೆಡೆ ಬಾವಿ ಸುತ್ತ ಚರಂಡಿ ಬಿಡಿಸಲು, ಬ್ಲೀಚಿಂಗ್ ಪುಡಿ ತರಲು ಒದಗಿತು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯ್ತಿ ಅನುದಾನದ ಶೇ 60ನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಭೋರ್ ಸಮಿತಿ ಕೇಳಿದ್ದ ಮೀಸಲು ಪಾಲಿನ ಮಾತು ಎಪ್ಪತ್ತೈದು ವರ್ಷದ ಮೇಲೆ ಬೇರೆ ಬಾಗಿಲಿನಿಂದ ಒಳಬಂದಂತಾಯಿತು. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ ಮಿಷನ್ ಊರಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ಕಲಿಸುವ ಏರ್ಪಾಡು ಮಾಡಿದೆ. ನೀರು ತುಂಬಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗಿ ಮಲದ ಸೋಂಕನ್ನು ತೋರಿಸುವ ಪುಟ್ಟ ಬಾಟಲಿಗೆ ಪ್ರಯೋಗಾಲಯವೂ ಬೇಡ.

ಇವೆಲ್ಲ ನಲ್ಲಿ ಮತ್ತು ಸಾರ್ವಜನಿಕ ಮೂಲಗಳಿಗೆ ಸೀಮಿತವಾಗಿ ನಡೆಯುತ್ತಿವೆ. ಹಿತ್ತಿಲ ಬಾವಿ, ಹೊಲದ ಬೋರು ಇನ್ನೂ ಹೊರಗೇ ಇವೆ. ಊರಿನ ಎಲ್ಲ ಖಾಸಗಿ ಬಾವಿಗಳ ವಹಿ ತೆರೆಯುವುದು, ಕೊರೆಯುವ 15 ದಿನ ಮೊದಲು ಬರುವ ತಿಳಿವಳಿಕೆ ಪತ್ರವನ್ನು ಅದರಲ್ಲಿ ಏರಿಸುವುದು, ಕೇಸಿಂಗಿನ ಆಳ ಮತ್ತು ಗುಂಡಿಯಿಂದ ಇರುವ ದೂರವನ್ನು ಬರೆಯುವುದು, ಮಳೆಗಾಲದ ಮೊದಲು ಮತ್ತು ನಂತರ ಒಡೆಯರ ಒಪ್ಪಿಗೆ ಪಡೆದು ಉಚಿತವಾಗಿ ಪರೀಕ್ಷೆ ಮಾಡುವುದು, ಬಡವರ ಹಾಳು ಬಾವಿಗಳನ್ನು ಪಂಚಾಯ್ತಿಯೇ ತುಂಬಿಸುವುದು ಆಗಬೇಕಾದ ಕೆಲಸಗಳು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸೌಕರ್ಯ ಸಮಿತಿ ಶಿಫಾರಸು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಹಿಂದಿನ ವರ್ಷದ ವಾಂತಿಭೇದಿ ಪ್ರಕರಣಗಳ ಪಟ್ಟಿ ತರಿಸಿಕೊಂಡು, ಮಾರ್ಚ್ 10ರ ಒಳಗಿನ ಆಯವ್ಯಯ ಸಭೆಯಲ್ಲಿ ಅದಕ್ಕೊಂದು ಸಾಲು ಸೇರಿಸಿದರೆ ಏಪ್ರಿಲ್ 1ರಿಂದ ಹಣ ಬಳಸಲು ಬರುತ್ತದೆ.